ಇತಿಹಾಸ ಸಂಘದ ಉಪನ್ಯಾಸಕ್ಕೆ ಜನ ಬರುತ್ತಿಲ್ಲ, ಏನು ಮಾಡೋಣ?

ಪ್ರಶ್ನೆ: ನಾವು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದವರು. ಎರಡು ವರ್ಷದ ಹಿಂದೆ ಒಂದಷ್ಟು ಜನ ಸೇರಿ ಊರಿಗೊಂದು ಇತಿಹಾಸ ಸಂಘ ಕಟ್ಟಿದೆವು. ತಿಂಗಳಿಗೊಂದು ಸಾರ್ವಜನಿಕ ಉಪನ್ಯಾಸ ಇಡುತ್ತೇವೆ. ಮೊದಲ ಸಲ ಹಾಲ್ ತುಂಬಿತ್ತು. ಈಗ ಹತ್ತು ಹನ್ನೆರಡು ಜನ, ಅದರಲ್ಲೂ ಅರ್ಧ ನಮ್ಮ ಪದಾಧಿಕಾರಿಗಳೇ. ಬೆಂಗಳೂರು, ಮೈಸೂರಿನಿಂದ ಒಳ್ಳೊಳ್ಳೆ ವಿದ್ವಾಂಸರನ್ನು ಕರೆಸಿದ್ದೇವೆ. ವಿಜಯನಗರ, ಹೊಯ್ಸಳರು, ಟಿಪ್ಪು ಎಲ್ಲ ಆಯ್ತು. ಜನರಿಗೆ ಇತಿಹಾಸದಲ್ಲಿ ಆಸಕ್ತಿಯೇ ಇಲ್ಲವೇ? ನಿಲ್ಲಿಸಿಬಿಡೋಣವೇ?

ಉತ್ತರ: ನಿಲ್ಲಿಸಬೇಡಿ. ದಯವಿಟ್ಟು ನಿಲ್ಲಿಸಬೇಡಿ. ಒಂದು ತಾಲ್ಲೂಕು ಕೇಂದ್ರದಲ್ಲಿ ಎರಡು ವರ್ಷ ಬಿಡದೆ ತಿಂಗಳಿಗೊಂದು ಉಪನ್ಯಾಸ ನಡೆಸಿದ್ದೀರಿ ಅಂದರೆ ಕಷ್ಟದ ಕೆಲಸ ಈಗಾಗಲೇ ಮಾಡಿ ಮುಗಿಸಿದ್ದೀರಿ. ಹಾಲ್ ಇದೆ, ದಿನ ಗೊತ್ತಿದೆ, ಹತ್ತು ಜನ ಇದ್ದಾರೆ. ಬದಲಾಗಬೇಕಾದದ್ದು ವಿಷಯ, ಮತ್ತು ಆ ಸಂಜೆಯನ್ನು ನಡೆಸುವ ರೀತಿ.

ನಿಮ್ಮ ಪಟ್ಟಿ ನೋಡಿ. ವಿಜಯನಗರ, ಹೊಯ್ಸಳರು, ಟಿಪ್ಪು. ಒಂದರಲ್ಲೂ ನಿಮ್ಮ ಊರಿಲ್ಲ. ಕೃಷ್ಣದೇವರಾಯನ ಬಗ್ಗೆ ಕೇಳಬೇಕು ಅಂದರೆ ಜನ ಮನೆಯಲ್ಲಿ ಮೊಬೈಲ್‌ನಲ್ಲೇ ಕೇಳುತ್ತಾರೆ, ಅದಕ್ಕಾಗಿ ಸಂಜೆ ಚಪ್ಪಲಿ ಮೆಟ್ಟಿಕೊಂಡು ಹೊರಡಬೇಕಾಗಿಲ್ಲ. ಆದರೆ ಹಳೇ ಪೇಟೆ ಆಂಜನೇಯನ ಗುಡಿ ಹಿಂದೆ ಅರ್ಧ ಹೂತುಹೋಗಿರುವ ಕಲ್ಲಿನಲ್ಲಿ ಏನು ಬರೆದಿದೆ ಅನ್ನುವುದನ್ನು ಬೇರೆ ಯಾರೂ ಹೇಳುವುದಿಲ್ಲ. ನೀವೇ ಹೇಳಬೇಕು. ಅದನ್ನು ಕೇಳಲು ಜನ ಬರುತ್ತಾರೆ. ಮೂವತ್ತು ವರ್ಷದಿಂದ ಶಾಸನ ಓದುತ್ತಾ, ಇಂಥ ಸಂಘಗಳಲ್ಲಿ ಮಾತಾಡುತ್ತಾ ಬಂದಿದ್ದೇನೆ. ಊರಿನ ಕಲ್ಲಿನಿಂದ ಶುರುಮಾಡಿದ ಮಾತಿಗೆ ಜನ ಸೇರದ ಊರನ್ನು ನಾನಿನ್ನೂ ನೋಡಿಲ್ಲ.

ಕಲ್ಲು ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಿ, ಅಲ್ವಾ? ನಿಮ್ಮ ಅದೃಷ್ಟಕ್ಕೆ ಆ ಕೆಲಸವನ್ನು ನೂರು ವರ್ಷದ ಹಿಂದೆಯೇ ಮಾಡಿಟ್ಟಿದ್ದಾರೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಅನ್ನುವ ಶಾಸನ ಸಂಗ್ರಹ 12 ಸಂಪುಟಗಳಲ್ಲಿದೆ. 1886ರಿಂದ 20 ವರ್ಷದ ಆಸುಪಾಸಿನಲ್ಲಿ ಹಳೇ ಮೈಸೂರು ಸೀಮೆಯ ಶಾಸನಗಳನ್ನು ಜಿಲ್ಲೆವಾರು, ಅದರೊಳಗೆ ತಾಲ್ಲೂಕುವಾರು ನಂಬರ್ ಹಾಕಿ ಅಚ್ಚು ಮಾಡಿಸಿದರು. 12ನೇ ಸಂಪುಟ ನಿಮ್ಮದೇ, ತುಮಕೂರು ಜಿಲ್ಲೆಯದು. ಅದರಲ್ಲಿ ಶಾಸನದ ಪಾಠ ಕನ್ನಡ ಲಿಪಿಯಲ್ಲಿದೆ, ಇಂಗ್ಲಿಷ್ ಅನುವಾದವೂ ಇದೆ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ತಾಲ್ಲೂಕಿನ ಭಾಗ ತೆಗೆದು ಊರುಗಳ ಹೆಸರು ಮಾತ್ರ ಬರೆದುಕೊಳ್ಳಿ. ಆಮೇಲೆ ಎರಡು ಬೈಕ್‌ನಲ್ಲಿ ನಾಲ್ಕು ಜನ ಹೊರಟು ಯಾವ ಕಲ್ಲು ಇದೆ, ಯಾವುದು ಇಲ್ಲ ಅಂತ ನೋಡಿ ಬನ್ನಿ. ಪುಸ್ತಕದಲ್ಲಿ 'ಊರ ಮುಂದೆ ನಟ್ಟ ಕಲ್ಲು' ಅಂತ ಇರುತ್ತದೆ, ಹೋಗಿ ನೋಡಿದರೆ ಅಲ್ಲಿ ಸಿಮೆಂಟ್ ರಸ್ತೆ. ಕೆಲವು ಕಲ್ಲು ಚರಂಡಿಗೆ ಚಪ್ಪಡಿಯಾಗಿರುತ್ತದೆ. ಕೆಲವಕ್ಕೆ ಸುಣ್ಣ ಹೊಡೆದು, ಅರಿಶಿನ ಕುಂಕುಮ ಇಟ್ಟು ಪೂಜೆ ನಡೆಯುತ್ತಿರುತ್ತದೆ. 'ರೈಸ್ ಕಂಡ ಕಲ್ಲುಗಳು ಈಗ ಎಲ್ಲಿವೆ?' ಅಂತ ಒಂದು ಉಪನ್ಯಾಸ ಇಡಿ. ಭಾಷಣಕಾರರು ನೀವೇ, ಆ ನಾಲ್ಕು ಜನ. ಹೊರಗಿನಿಂದ ಯಾರೂ ಬೇಡ.

ಅಂಥ ಒಂದು ಕಲ್ಲು ಎಷ್ಟು ಮಾತಾಡುತ್ತದೆ ಅನ್ನುವುದಕ್ಕೆ ಬೆಂಗಳೂರಿನ ಉದಾಹರಣೆ ಹೇಳುತ್ತೇನೆ. ಹೊಯ್ಸಳ ಬಲ್ಲಾಳ ಬೇಟೆಗೆ ಹೋಗಿ ದಾರಿ ತಪ್ಪಿದ, ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂಗಳೂರು ಅಂತ ಹೆಸರು ಬಂತು ಅನ್ನುವ ಕಥೆ ನಮಗೆಲ್ಲ ಗೊತ್ತು. ಆದರೆ ಬೇಗೂರಿನ ದೇವಸ್ಥಾನದ ವೀರಗಲ್ಲು ಸುಮಾರು ಕ್ರಿ.ಶ. 890ರದು. 'ಬೆಂಗಳೂರ ಕಾಳಗ'ದಲ್ಲಿ ಒಬ್ಬ ಸತ್ತ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಬಲ್ಲಾಳ ಹುಟ್ಟುವ ಮೊದಲೇ ಊರಿಗೆ ಆ ಹೆಸರಿತ್ತು. ಇದಕ್ಕಿಂತ ಹಿಂದಿನದು ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು, ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಅದು 2018ರಲ್ಲಿ ಅಗೆತದ ಕೆಲಸದ ನಡುವೆ ಕಣ್ಣಿಗೆ ಬಿತ್ತು. ಸಂಬಳಕ್ಕೆ ಅಂತಲ್ಲದೆ ಸುಮ್ನೆ ಪ್ರೀತಿಯಿಂದ ಶಾಸನಗಳ ಹಿಂದೆ ಬಿದ್ದವರು ಅದನ್ನು ಉಳಿಸಿದರು. ಆಮೇಲೆ ಅದಕ್ಕೊಂದು ಮಂಟಪವೂ ಆಯಿತು. ಅದರಲ್ಲಿ ಆ ಸೀಮೆಯ ಹೆಸರು 'ಪೆರ್ಬೊಳಲ್ ನಾಡು' ಅಂತಿದೆ. ಹಳಗನ್ನಡದ ಪಕಾರ ಮುಂದೆ ಹಕಾರವಾಗುತ್ತದೆ, ಪಳ್ಳಿ ಹಳ್ಳಿಯಾದ ಹಾಗೆ, ಪಾಲು ಹಾಲಾದ ಹಾಗೆ. 'ಪೆರ್ಬೊಳಲ್' ಅನ್ನುವುದನ್ನು ಬೋರ್ಡ್ ಮೇಲೆ ಬರೆದು, ಸುಮ್ಮನೆ ನಿಂತು, ಸಭೆಯಲ್ಲಿ ಯಾರಾದರೂ ತಾವಾಗಿಯೇ 'ಓ, ಹೆಬ್ಬಾಳ!' ಅನ್ನುವವರೆಗೆ ಕಾಯಿರಿ. ಹಾಗೆ ತಾವೇ ಕಂಡುಹಿಡಿದವರು ಮುಂದಿನ ತಿಂಗಳು ತಪ್ಪದೆ ಬರುತ್ತಾರೆ.

ನಿಮ್ಮ ಜಿಲ್ಲೆಯಲ್ಲೇ ಕೈದಾಳ ಇದೆ, ತುಮಕೂರಿಗೆ ತೀರಾ ಹತ್ತಿರ. ಜಕಣಾಚಾರಿ ಕಳೆದುಕೊಂಡ ಕೈ ಅಲ್ಲಿ ಮತ್ತೆ ಬಂತು, ಅದಕ್ಕೇ ಕೈದಾಳ ಅನ್ನುವ ಕಥೆ ನಿಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ಶಾಸನದ ಪ್ರಕಾರ ಅಲ್ಲಿನ ಚೆನ್ನಕೇಶವ ಗುಡಿಯನ್ನು ಕಟ್ಟಿಸಿದ್ದು ಗೂಳಿ ಬಾಚಿ ಅನ್ನುವ ಸ್ಥಳೀಯ ಸಾಮಂತ, ಹೊಯ್ಸಳ ನರಸಿಂಹನ ಕಾಲದಲ್ಲಿ, 1150ರ ಸುಮಾರಿಗೆ. ಇನ್ನು ಜಕಣಾಚಾರಿಯೇ ಕೆತ್ತಿದ ಅಂತ ಕಥೆ ಹೇಳುವ ಬೇಲೂರಿನಲ್ಲಿ ಶಿಲ್ಪದ ಕೆಳಗೆ ತಮ್ಮ ಹೆಸರು ಕೊರೆದುಕೊಂಡವರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಖ್ಯರು. ಇದನ್ನು ಹೇಗೆ ಹೇಳುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ವೇದಿಕೆ ಹತ್ತಿ 'ನೀವು ನಂಬಿರುವುದೆಲ್ಲ ಸುಳ್ಳು' ಅಂತ ಶುರುಮಾಡಿದ ವಿದ್ವಾಂಸರೊಬ್ಬರನ್ನು ನೋಡಿದ್ದೇನೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಆದರೂ ಅರ್ಧ ಜನ ಎದ್ದು ಹೋದರು. ಮೊದಲು ಊರಿನ ಹಿರಿಯರೊಬ್ಬರ ಬಾಯಲ್ಲಿ ಆ ಕಥೆ ಪೂರ್ತಿ ಹೇಳಿಸಿ. ಗೌರವದಿಂದ ಕೇಳಿ. ಕಥೆ ಹೇಗೆ ಹುಟ್ಟಿತು, ಯಾಕೆ ಉಳಿಯಿತು ಅನ್ನುವುದೂ ಇತಿಹಾಸವೇ. ಆಮೇಲೆ ಶಾಸನದ ಸಾಲನ್ನು ತೋರಿಸಿ, ಅಕ್ಷರದ ಮೇಲೆ ಬೆರಳಿಟ್ಟು ಓದಿ. ತೀರ್ಮಾನ ಕೇಳುವವರಿಗೆ ಬಿಡಿ.

ದೇವಸ್ಥಾನ, ಜಾತಿ, ಕುಲದೇವರ ವಿಷಯ ಬಂದಾಗ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ಇವತ್ತು ಒಂದು ಮತದ ಗುಡಿಯಾಗಿರುವುದು ಹಿಂದೆ ಇನ್ನೊಂದು ಮತದ್ದಾಗಿತ್ತು ಅನ್ನುವ ಸೂಚನೆ ಶಾಸನಗಳಲ್ಲಿ ಸಿಗುತ್ತದೆ. ಮುಚ್ಚಿಡಬೇಡಿ. ಆದರೆ ಪಾಠದಲ್ಲಿ ಇರುವಷ್ಟನ್ನೇ ಹೇಳಿ. ಒಂದು ಮಾತೂ ಹೆಚ್ಚಿಗೆ ಬೇಡ. ಭಾಷಣಕಾರರಿಗೂ ಇದನ್ನು ಮೊದಲೇ ಹೇಳಿಡಿ.

ಈಗ ಆ ಸಂಜೆ ಹೇಗಿರಬೇಕು ಅನ್ನುವುದಕ್ಕೆ ಬರುತ್ತೇನೆ. ನಿಮ್ಮ ಆಹ್ವಾನ ಪತ್ರಿಕೆ ನಾನು ನೋಡಿಲ್ಲ, ಆದರೆ ಅದರಲ್ಲಿ ಏನಿರುತ್ತದೆ ಅಂತ ಹೇಳಬಲ್ಲೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಮುಖ್ಯ ಅತಿಥಿಗಳ ಮಾತು, ಉಪನ್ಯಾಸ, ಅಧ್ಯಕ್ಷೀಯ ಭಾಷಣ, ಸನ್ಮಾನ, ವಂದನಾರ್ಪಣೆ. ಇತಿಹಾಸದ ಮಾತು ಶುರುವಾಗುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ. ಹಳ್ಳಿಯಿಂದ ಬಂದವರು ಕೊನೇ ಬಸ್ ನೆನೆಸಿಕೊಂಡು ಎದ್ದಿರುತ್ತಾರೆ. ಇದರಿಂದ ನನಗೆ ತುಂಬಾ ನೋವಾಗಿದೆ. ಒಂದು ಊರಿನಲ್ಲಿ ನಾಲ್ಕು ತಿಂಗಳು ಕೂತು ಸಿದ್ಧಮಾಡಿದ್ದನ್ನು ಹದಿನೈದು ನಿಮಿಷದಲ್ಲಿ ಹೇಳಿ ಮುಗಿಸಿ ಅಂದರು. ಶಾಲು ಹಾರ ಹೊದಿಸಿ ಕಳಿಸಿದರು, ಮನಸ್ಸಿಗೆ ಬೇಜಾರೇ ಉಳಿಯಿತು. ಸ್ವಾಗತ ಎರಡು ನಿಮಿಷ, ಉಪನ್ಯಾಸ ನಲವತ್ತು ನಿಮಿಷ, ಪ್ರಶ್ನೆ ಮತ್ತು ಮಾತುಕತೆ ನಲವತ್ತು ನಿಮಿಷ, ವಂದನೆ ಒಂದು ಮಾತು. ಇಷ್ಟು ಸಾಕು. ಶಾಲಿನ ದುಡ್ಡನ್ನು ಭಾಷಣಕಾರರ ಪ್ರಯಾಣಕ್ಕೆ, ಒಂದು ಒಳ್ಳೆ ಮೈಕ್‌ಗೆ, ಬಂದವರಿಗೆ ಕಾಫಿಗೆ ಹಾಕಿ. ಹಿಂದಿನ ಸಾಲಿಗೆ ಮಾತು ಕೇಳಿಸದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಮಾತುಕತೆಗೆ ಅಷ್ಟು ಹೊತ್ತು ಯಾಕೆ? ಯಾಕೆಂದರೆ ಊರಿನ ಇತಿಹಾಸದ ಅರ್ಧ ಭಾಗ ಕುರ್ಚಿಗಳ ಮೇಲೆ ಕೂತಿರುತ್ತದೆ. ಒಮ್ಮೆ ಕೆರೆ ಶಾಸನಗಳ ಬಗ್ಗೆ ಮಾತಾಡುತ್ತಿದ್ದೆ. 'ಬಿತ್ತುವಟ್ಟ' ಅನ್ನುವ ಪದ ವಿವರಿಸುತ್ತಿದ್ದೆ. ಕೆರೆ ಕಟ್ಟಿಸಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಕೆರೆಯ ಕೆಳಗಿನ ಜಮೀನಿನಲ್ಲಿ ಬಿಟ್ಟುಕೊಡುತ್ತಿದ್ದ ಪಾಲು ಅದು. ಮಾತು ಮುಗಿದ ಮೇಲೆ ಹಿಂದಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, 'ನೀವು ಹೇಳಿದಂಗೆ ಅಕ್ಸರ ಇರೋ ಕಲ್ಲು ನಮ್ಮ ಬಚ್ಚಲ ಮುಂದೆ ಐತೆ ಸ್ವಾಮಿ, ಅದರ ಮ್ಯಾಲೇ ನಾನು ಐವತ್ತು ವರ್ಸದಿಂದ ಬಟ್ಟೆ ಒಗೀತಿದೀನಿ' ಅಂದರು. ಸಭೆ ಒಂದು ಕ್ಷಣ ಸುಮ್ಮನಾಯಿತು. ಮಾರನೇ ದಿನ ಬೆಳಿಗ್ಗೆ ಅವರ ಮನೆಗೆ ಹೋದೆವು. ಕಲ್ಲಿನ ನಡುಭಾಗ ಒಗೆದು ಒಗೆದು ಕನ್ನಡಿಯ ಹಾಗೆ ನುಣ್ಣಗಾಗಿತ್ತು, ಅಲ್ಲಿ ಒಂದಕ್ಷರವೂ ಇಲ್ಲ. ಆದರೆ ಮೇಲಿನ ಅಂಚಿನಲ್ಲಿ ಸೂರ್ಯ ಚಂದ್ರರ ಪಕ್ಕ ಎರಡು ಸಾಲು ಉಳಿದಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಸೋಪಿನ ಪಾಚಿ ತೆಗೆದು ನೋಡಿದರೆ ತೂಬಿನ ಮಾತು. ಕೆರೆಯ ತೂಬು! ಅಜ್ಜಿ ನನ್ನ ಕೈ ಹಿಡಿದುಕೊಂಡು, 'ಮೊದಲೇ ಯಾರಾದರೂ ಹೇಳಿದ್ದರೆ ಒಗೀತಿರಲಿಲ್ಲವಲ್ಲ' ಅಂತ ಅತ್ತುಬಿಟ್ಟರು. ಅವರ ತಪ್ಪೇನೂ ಇರಲಿಲ್ಲ. ಆ ಊರಿನಲ್ಲಿ ಅಲ್ಲಿಯವರೆಗೆ ಯಾರೂ ಇಂಥ ಮಾತು ಆಡಿರಲಿಲ್ಲ, ಅಷ್ಟೇ. ನಲವತ್ತು ನಿಮಿಷ ಕೇಳುವವರಿಗೇ ಬಿಟ್ಟುಕೊಡಿ ಅನ್ನುವುದು ಇದಕ್ಕೆ.

ಹೀಗೆ ಮಾತಿಗೆ ಬಿಟ್ಟರೆ ಜನ ತಮ್ಮ ಮನೆಯ ಕಾಗದಪತ್ರ ತರಲು ಶುರುಮಾಡುತ್ತಾರೆ. ಓಲೆಗರಿ ಬರುತ್ತದೆ, ಹಳೇ ಕ್ರಯಪತ್ರ ಬರುತ್ತದೆ. ಅದೃಷ್ಟ ಇದ್ದರೆ ಕಡತ ಬರುತ್ತದೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು, ಒಣಗಿಸಿ, ಪುಸ್ತಕದ ಹಾಗೆ ಮಡಿಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರಲ್ಲ, ಅದೇ. ನೋಡಲು ಕರೀ ಚಿಂದಿ ಬಟ್ಟೆಯ ಹಾಗೆ ಇರುತ್ತದೆ, ಎಷ್ಟೋ ಮನೆಯಲ್ಲಿ ಒಲೆಗೆ ಹಾಕಿದ್ದಾರೆ. ಬಳಪದ ಬರಹ ಬೆರಳು ತಾಗಿದರೂ ಅಳಿಯುತ್ತದೆ, ಒರೆಸಲು ಹೋಗಬೇಡಿ. ಅವರೆದುರೇ ಪುಟ ಪುಟವಾಗಿ ಫೋಟೊ ತೆಗೆದು, ಅಲ್ಲೇ ವಾಪಸ್ ಕೊಡಿ. ಸಂಘದ ಬೀರುವಿನಲ್ಲಿ ಇಟ್ಟುಕೊಳ್ಳುತ್ತೇವೆ ಅನ್ನಬೇಡಿ. ಒಂದು ಮನೆಯ ಕಾಗದ ಕಳೆದುಹೋಯಿತು ಅಂತ ಸುದ್ದಿಯಾದರೆ ಊರಿನಲ್ಲಿ ಮತ್ತೆ ಯಾರೂ ಪೆಟ್ಟಿಗೆ ತೆಗೆಯುವುದಿಲ್ಲ.

ಇನ್ನೊಂದು ಗಂಭೀರ ವಿಷಯ, ನಿಧಿಗಳ್ಳರು. 'ಇಲ್ಲೊಂದು ಹಳೇ ಶಾಸನ ಇದೆ' ಅಂದ ತಕ್ಷಣ 'ಕೆಳಗೆ ಹೊನ್ನಿದೆ' ಅಂತ ತಿಳಿಯುವವರು ಎಲ್ಲ ಕಡೆ ಇದ್ದಾರೆ. ರಾತ್ರೋರಾತ್ರಿ ವೀರಗಲ್ಲು ಕಿತ್ತು, ಗುಂಡಿ ತೋಡಿ, ಕಲ್ಲು ಒಡೆದು ಹೋಗಿರುವುದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಊರಾಚೆ ಒಂಟಿಯಾಗಿ ನಿಂತಿರುವ ಕಲ್ಲಿನ ಜಾಗವನ್ನು ಪೋಸ್ಟರ್‌ನಲ್ಲಿ ಹಾಕಬೇಡಿ, ಲೊಕೇಶನ್ ಹಂಚಬೇಡಿ. ಉಪನ್ಯಾಸದಲ್ಲಿ ಬಾಯಿಬಿಟ್ಟು ಹೇಳಿ: ಶಾಸನದಲ್ಲಿ ಇರುವುದು ದಾನದ ಮಾತು, ಸಾವಿನ ಮಾತು, ಕೆರೆ ಗದ್ದೆಯ ಮಾತು. ಕೊನೆಯಲ್ಲಿ ಬರುವ ಶಾಪದ ಸಾಲು, ಇದನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ, ಅಂದರೆ ಹಸು, ಕೊಂದ ಪಾಪಕ್ಕೆ ಹೋಗುತ್ತಾನೆ ಅನ್ನುವುದು, ಆ ದಾನವನ್ನು ಕೆಡಿಸಬೇಡಿ ಅನ್ನುವ ಎಚ್ಚರಿಕೆ. ಅದು ನಿಧಿಯ ಗುಟ್ಟಲ್ಲ. ಆ ಸಾಲನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಿದರೆ ಹಳ್ಳಿಯವರೇ ಕಲ್ಲಿನ ಕಾವಲಿಗೆ ನಿಲ್ಲುತ್ತಾರೆ. ಹೊಸದಾಗಿ ಏನಾದರೂ ಸಿಕ್ಕರೆ ನೀವೇ ಅಗೆಯಬೇಡಿ, ಸಾಗಿಸಬೇಡಿ. ಪುರಾತತ್ವ ಇಲಾಖೆಗೂ ತಹಶೀಲ್ದಾರರಿಗೂ ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ.

ಬರೀ ಹಿರಿಯರೇ ಬರುತ್ತಾರೆ ಅನ್ನುವ ಚಿಂತೆ ನಿಮಗೂ ಇರಬಹುದು. ಮಕ್ಕಳಿಗೆ ಆತಕೂರಿನ ಕಥೆ ಹೇಳಿ ನೋಡಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರಲ್ಲಿ ಕಾಳಿ ಅನ್ನುವ ನಾಯಿಗೆ ಕಲ್ಲು ನಿಲ್ಲಿಸಿದರು. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಈ ನಾಯಿಯನ್ನು. ಅದು ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಇದನ್ನು ಕೇಳಿದ ಮಗು ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಹೇಳದೆ ಇರುವುದಿಲ್ಲ.

ಮತ್ತೆ, ಇತಿಹಾಸ ಅಂದರೆ ಕಲ್ಲು ಮಾತ್ರ ಅಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ನಿಮ್ಮ ಜಿಲ್ಲೆಯದೇ. ನಿಮ್ಮ ಊರಿನಲ್ಲಿ ನಾಟಕದ ಕ್ಯಾಂಪ್ ಎಲ್ಲಿ ಹಾಕುತ್ತಿದ್ದರು, ಯಾರ ಮನೆಯಿಂದ ಊಟ ಹೋಗುತ್ತಿತ್ತು, ಇದನ್ನು ಹೇಳುವವರು ಇನ್ನೂ ಬದುಕಿದ್ದರೆ ಮೊದಲು ಅವರನ್ನೇ ಕರೆಯಿರಿ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟವನು ಸಿರಾ, ಮಧುಗಿರಿ ಕಡೆಯೂ ಬಂದಿದ್ದ. ಯಾವ ಬೆಳೆ, ಎಷ್ಟು ಕೂಲಿ, ನೇಕಾರರು ಏನು ನೇಯುತ್ತಾರೆ ಅಂತೆಲ್ಲ ಬರೆದಿಟ್ಟಿದ್ದಾನೆ. ಒಂದು ಪುಟ ಕನ್ನಡದಲ್ಲಿ ಓದಿ, ಆಮೇಲೆ ಒಬ್ಬ ರೈತರನ್ನು ಪಕ್ಕದಲ್ಲಿ ಕೂರಿಸಿ ಈಗ ಹೇಗಿದೆ ಅಂತ ಕೇಳಿ. ಕೆರೆಯ ವಿಷಯ ಇಟ್ಟ ತಿಂಗಳು ಸಂತೆಯ ದಿನವೇ ಇಡಿ, ಮಧ್ಯಾಹ್ನ ಮೂರಕ್ಕೆ. ಹಳ್ಳಿಯವರು ಹೇಗೂ ಊರಿಗೆ ಬಂದಿರುತ್ತಾರೆ.

ಆಡಿದ ಮಾತು ಗಾಳಿಗೆ ಹೋಗಬಾರದು. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಲ್ಲಿ ಶುರುವಾದಾಗ ಅದೂ ಬೆರಳೆಣಿಕೆಯ ಆಸಕ್ತರ ಕೂಟವೇ. ಆದರೆ ಅಲ್ಲಿ ಓದಿದ ಪ್ರಬಂಧಗಳನ್ನು ಮೊದಲ ವರ್ಷದಿಂದಲೇ ತಮ್ಮ ತ್ರೈಮಾಸಿಕದಲ್ಲಿ ಅಚ್ಚು ಹಾಕಿಸಿದರು. ಅವರು ಆಡಿ ಸುಮ್ಮನಾಗಿದ್ದರೆ ಇವತ್ತು ನಮಗೆ ಏನೂ ಉಳಿಯುತ್ತಿರಲಿಲ್ಲ. ಧಾರವಾಡದಲ್ಲಿ ಆಲೂರು ವೆಂಕಟರಾಯರು 1914ರಲ್ಲಿ ಇತಿಹಾಸ ಸಂಶೋಧನ ಮಂಡಳ ಕಟ್ಟಿದಾಗ ಕರ್ನಾಟಕ ಅನ್ನುವ ರಾಜ್ಯವೇ ಇರಲಿಲ್ಲ, ಊರೂರು ತಿರುಗಿ ಮಾತಾಡಿದರು, ಬರೆದರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳೂ ಹಾಗೆಯೇ, ಚಿಕ್ಕ ಊರುಗಳಲ್ಲಿ ಮಾಡಿದ ಭಾಷಣಗಳು ಸಣ್ಣ ಪುಸ್ತಕಗಳಾಗಿ ಮನೆ ಮನೆಗೆ ಹೋದವು. ನಿಮಗೆ ಅಷ್ಟು ದೊಡ್ಡದು ಬೇಡ. ಮೊಬೈಲ್‌ನಲ್ಲಿ ಧ್ವನಿ ಹಿಡಿಯಿರಿ, ಮಾತುಕತೆಯದ್ದೂ ಸೇರಿಸಿ. ಯಾರು, ಯಾವ ದಿನ, ಏನು ಹೇಳಿದರು ಅನ್ನುವುದನ್ನು ಎರಡು ಪುಟ ಬರೆಯಿರಿ. ವರ್ಷಕ್ಕೊಮ್ಮೆ ಹೊಲಿದು ಪುಸ್ತಕ ಮಾಡಿ ಊರಿನ ಲೈಬ್ರರಿಗೆ, ಹೈಸ್ಕೂಲಿಗೆ ಕೊಡಿ.

ಮುಂದಿನ ತಿಂಗಳು ಹೀಗೆ ಮಾಡಿ. ಊರಿನೊಳಗೇ ಇರುವ, ನಡೆದು ಹೋಗಬಹುದಾದ ಒಂದು ವೀರಗಲ್ಲು ಆರಿಸಿ. ಹಾಲ್‌ನಲ್ಲಿ ಇಪ್ಪತ್ತೇ ನಿಮಿಷ ಮಾತು: ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಯುದ್ಧ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಸನ್ನಿಧಿ. ಅವನು ಸತ್ತದ್ದು ತುರುಗೊಳ್‌ನಲ್ಲೋ, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದೋ, ಹೆಂಗಸರ ಮಾನ ಕಾಯುವ ಪೆಣ್ಬುಯ್ಯಲಿನಲ್ಲೋ, ಅವನ ಮನೆಯವರಿಗೆ ನೆತ್ತರುಗೊಡಗೆ ಅಂತ ಜಮೀನು ಕೊಟ್ಟರೋ, ಇಷ್ಟು ಹೇಳಿ. ಕತ್ತಲಾದ ಮೇಲೆ ಎಲ್ಲರೂ ಟಾರ್ಚ್ ಹಿಡಿದು ಕಲ್ಲಿನ ಹತ್ತಿರ ನಡೆಯಿರಿ. ಹಗಲು ಹೊತ್ತು ನೆತ್ತಿಯ ಬಿಸಿಲಿನಲ್ಲಿ ಬೋಳು ಕಲ್ಲಿನಂತೆ ಕಾಣುವುದು ರಾತ್ರಿ ಬೇರೆಯೇ ಆಗುತ್ತದೆ. ಟಾರ್ಚನ್ನು ಎದುರಿಗೆ ಹಿಡಿಯಬೇಡಿ, ಕಲ್ಲಿಗೆ ಒತ್ತಿದ ಹಾಗೆ ಪಕ್ಕದಿಂದ ಅಡ್ಡ ಹಿಡಿಯಿರಿ. ಒಂದೊಂದು ಗೆರೆಯಲ್ಲೂ ನೆರಳು ತುಂಬಿಕೊಂಡು ಅಕ್ಷರ ಎದ್ದು ಬರುತ್ತದೆ. ಸೀಮೆಸುಣ್ಣ, ಮೈದಾ, ಬಣ್ಣ ಏನನ್ನೂ ಹಚ್ಚಬೇಡಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಬಿಟ್ಟು ಮೂರು ಮೂರು ಫೋಟೊ ತೆಗೆಯಿರಿ. ಯಾವ ಸಾಲು ಓದಲು ಬರಲಿಲ್ಲವೋ ಅದರ ಫೋಟೊಗಳನ್ನು ನನಗೆ ಕಳಿಸಿ, ಕೂತು ಓದುತ್ತೇನೆ. ಅರ್ಥ ಬರೆದು ಕಳಿಸುತ್ತೇನೆ, ಅದರ ಮುಂದಿನ ತಿಂಗಳ ಸಭೆಯಲ್ಲಿ ನಿಮ್ಮೂರಿನ ಹೈಸ್ಕೂಲ್ ಹುಡುಗಿ ಒಬ್ಬಳ ಕೈಲಿ ಓದಿಸಿ.